ಯುರೋಪಿನ ಬೆಟ್ಟ, ಕೋಟೆ ಊರು, ಬಾಡಿಗೆ ಕಾರು: ನಾಲ್ಕು ದಾರಿಗಳಲ್ಲಿ ನಿಮ್ಮದು ಯಾವುದು?

"ಹನ್ನೆರಡು ದಿನ ರಜೆ ಸಿಕ್ಕಿದೆ. ಅಪ್ಪ, ಅಮ್ಮನೂ ಬರ್ತಾರೆ. ಬೆಟ್ಟ ನೋಡಬೇಕು, ಹಳೇ ಕಾಲದ ಊರುಗಳಲ್ಲಿ ಸುಮ್ನೆ ಅಡ್ಡಾಡಬೇಕು. ದಿನಕ್ಕೊಂದು ದೇಶ ಅಂತ ಓಡೋದು ಬೇಡವೇ ಬೇಡ. ಕಾರು ಬಾಡಿಗೆಗೆ ತಗೊಂಡ್ರೆ ಯಾವ ಕಡೆ ಹೋಗೋಣ?"

ಇಂಥ ಪ್ರಶ್ನೆ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತದೆ. ಕೇಳುವವರ ಪಟ್ಟಿಯಲ್ಲಿ ಹೆಚ್ಚುಕಮ್ಮಿ ಇವೇ ನಾಲ್ಕು ಹೆಸರು ಇರುತ್ತವೆ: ಜರ್ಮನಿಯ ರೊಮ್ಯಾಂಟಿಕ್ ರೋಡ್, ಇಟಲಿಯ ಡೋಲೊಮೈಟ್ಸ್ ಬೆಟ್ಟಗಳು, ಸ್ಲೊವೇನಿಯಾ ದೇಶ, ರೊಮೇನಿಯಾದ ಟ್ರಾನ್ಸಿಲ್ವೇನಿಯಾ. ನಾಲ್ಕೂ ಚೆಂದ. ಫೋಟೊ ನೋಡಿ ಆರಿಸಲು ಕೂತರೆ ತಿಂಗಳಾದರೂ ತೀರ್ಮಾನ ಆಗುವುದಿಲ್ಲ. ಕಾರಿನಲ್ಲಿ ಯಾರು ಯಾರು ಕೂರುತ್ತಾರೆ ಎಂದು ನೋಡಿ ಆರಿಸಿದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಮೊದಲು ಇಷ್ಟನ್ನು ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ

ಮೊದಲನೆಯದು, ದಿನಕ್ಕೆ ಎಷ್ಟು ಹೊತ್ತು ಡ್ರೈವ್ ಮಾಡುತ್ತೀರಿ? ನಿಧಾನದ ಪ್ರವಾಸ ಅಂದರೆ ನನ್ನ ಲೆಕ್ಕದಲ್ಲಿ ದಿನಕ್ಕೆ ಎರಡೂವರೆ ಗಂಟೆ, ಅದಕ್ಕಿಂತ ಜಾಸ್ತಿ ಬೇಡ. ಮ್ಯಾಪಿನಲ್ಲಿ 60 ಕಿಲೋಮೀಟರ್ ಅಂತ ಕಂಡರೆ ಮೋಸ ಹೋಗಬೇಡಿ. ಚಾರ್ಮಾಡಿ ಘಾಟಿ ಇಳಿಯಲು ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತಲ್ವಾ, ಅಲ್ಲೂ ಅದೇ ಲೆಕ್ಕ. ಅದರ ಮೇಲೆ ಸ್ಟಿಯರಿಂಗ್ ಎಡಗಡೆ ಇರುತ್ತದೆ, ಗಾಡಿ ಬಲಗಡೆ ಓಡಿಸಬೇಕು.

ಎರಡನೆಯದು, ಬೆಟ್ಟ ಮುಖ್ಯವೋ ಊರು ಮುಖ್ಯವೋ? ಎರಡೂ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಯಾವ ದಾರಿಯಲ್ಲೂ ಎರಡೂ ಸರಿಸಮ ಸಿಗುವುದಿಲ್ಲ. ಒಂದು ದಿನ ಕಳೆದುಕೊಳ್ಳಬೇಕಾಗಿ ಬಂದರೆ ಯಾವುದನ್ನು ಬಿಡುತ್ತೀರಿ ಎಂದು ಕೇಳಿಕೊಳ್ಳಿ, ಉತ್ತರ ಹೊಳೆಯುತ್ತದೆ.

ಮೂರನೆಯದು ಮಂಡಿ. ಹಳೇ ಊರುಗಳಲ್ಲಿ ನೆಲಕ್ಕೆ ಹಾಸಿರುವುದು ಉಬ್ಬುತಗ್ಗಿನ ಕಲ್ಲು. ಕೆಲವು ಊರು ಸಮತಟ್ಟು, ಕೆಲವು ಗುಡ್ಡದ ಮೇಲಿವೆ. ಅರವತ್ತು ದಾಟಿದವರು ಜೊತೆಗಿದ್ದರೆ ಇದು ಬಹಳ ದೊಡ್ಡ ವಿಷಯ. ಆಮೇಲೆ ಯಾವ ತಿಂಗಳು ಹೋಗುತ್ತೀರಿ, ಊಟಕ್ಕೆ ಏನು ಸಿಗುತ್ತದೆ, ದುಡ್ಡು ಎಷ್ಟಿದೆ.

ರೊಮ್ಯಾಂಟಿಕ್ ರೋಡ್: ಊರು ತುಂಬಾ, ಬೆಟ್ಟ ಕೊನೆಗೆ

ವ್ಯುರ್ಟ್ಸ್‌ಬುರ್ಗ್‌ನಿಂದ ಫ್ಯೂಸೆನ್‌ವರೆಗೆ ನಾನೂರು ಕಿಲೋಮೀಟರಿಗೂ ಮೀರಿದ ದಾರಿ ಇದು. ಹೆಸರು ಹಳೆಯದಲ್ಲ, 1950ರಲ್ಲಿ ಪ್ರವಾಸಿಗರಿಗೆಂದೇ ಇಟ್ಟದ್ದು. ಊರುಗಳು ಮಾತ್ರ ನಿಜಕ್ಕೂ ಹಳೆಯವು. ರೋಟೆನ್‌ಬುರ್ಗ್, ಡಿಂಕೆಲ್ಸ್‌ಬ್ಯೂಲ್, ನ್ಯೋರ್ಡ್ಲಿಂಗೆನ್ ಮೂರೂ ಕೋಟೆಗೋಡೆಯ ಒಳಗಿನ ಊರುಗಳು. ಒಂದರಿಂದ ಒಂದಕ್ಕೆ ಒಂದು ಗಂಟೆಯೂ ದೂರವಿಲ್ಲ. ರಸ್ತೆ ನಯ, ತಿರುವು ಕಡಿಮೆ. ಬಲಗಡೆ ಓಡಿಸುವುದನ್ನು ರೂಢಿ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಆಟೊಬಾನ್‌ನಲ್ಲಿ ಕಾರಿಗೆ ಟೋಲೂ ಇಲ್ಲ.

ರೋಟೆನ್‌ಬುರ್ಗ್‌ಗೆ ಎಲ್ಲರೂ ಮಧ್ಯಾಹ್ನ ಬಸ್ಸಿನಲ್ಲಿ ಬಂದು ಸಂಜೆ ಹೋಗಿಬಿಡುತ್ತಾರೆ. ನೀವು ರಾತ್ರಿ ಉಳಿಯಿರಿ. ಬೆಳಗ್ಗೆ ಏಳಕ್ಕೆ ಕೋಟೆಗೋಡೆಯ ಮೇಲಿನ ಮರದ ಚಾವಣಿಯ ಕಾಲುದಾರಿ ಹತ್ತಿದರೆ ನೀವೇ ನೀವು. ನಡೆಯುತ್ತಾ ಪಕ್ಕದ ಗೋಡೆ ನೋಡಿ. ಕಲ್ಲಿನ ಮೇಲೆ ಹೆಸರುಗಳು ಕೆತ್ತಿವೆ. 1945ರ ಮಾರ್ಚ್ 31ರಂದು ಬಾಂಬು ಬಿದ್ದು ಊರಿನ ಒಂದು ಭಾಗ, ಗೋಡೆಯೂ ಸೇರಿ, ಹಾಳಾಯಿತು. ಮತ್ತೆ ಕಟ್ಟಲು ಪ್ರಪಂಚದ ನಾನಾ ಕಡೆಯ ಜನ ಒಂದೊಂದು ತುಂಡು ಗೋಡೆಯ ಖರ್ಚು ಕೊಟ್ಟರು. ಅವರ ಹೆಸರು ಅವು. ನಮ್ಮ ದೇವಸ್ಥಾನಗಳ ಮೆಟ್ಟಿಲ ಮೇಲೆ ದಾನಿಗಳ ಹೆಸರು ಓದುತ್ತಾ ಹತ್ತುತ್ತೇವಲ್ಲ, ಹಾಗೇ ಓದುತ್ತಾ ಹೋದೆವು.

ನ್ಯೋರ್ಡ್ಲಿಂಗೆನ್‌ನ ಸೊಬಗು ಬೇರೆ. ಒಂದೂವರೆ ಕೋಟಿ ವರ್ಷದ ಹಿಂದೆ ಉಲ್ಕೆ ಬಿದ್ದು ಆದ ಸುಮಾರು 25 ಕಿಲೋಮೀಟರ್ ಅಗಲದ ಕುಳಿಯೊಳಗೆ ಈ ಊರಿದೆ. 1970ರಲ್ಲಿ ಅಪೊಲೊ 14ರ ಗಗನಯಾತ್ರಿಗಳು ಕಲ್ಲುಗಳ ಅಭ್ಯಾಸಕ್ಕೆ ಇಲ್ಲಿಗೆ ಬಂದಿದ್ದರು. ಕೋಟೆಗೋಡೆಯ ಮೇಲೆ ಊರನ್ನು ಪೂರ್ತಿ ಸುತ್ತಬಹುದು, 2.7 ಕಿಲೋಮೀಟರ್. ಹತ್ತುವ ಮೆಟ್ಟಿಲು ಬಿಟ್ಟರೆ ದಾರಿ ಸಮತಟ್ಟು.

ಕೊರತೆಯನ್ನೂ ಹೇಳಬೇಕು. ಆಲ್ಪ್ಸ್ ಕಾಣುವುದು ಕೊನೆಯ ದಿನಗಳಲ್ಲಿ, ಫ್ಯೂಸೆನ್ ಹತ್ತಿರ ಬಂದಾಗ. ಅಲ್ಲಿಯವರೆಗೆ ಹೊಲ, ತೋಪು, ಹಳ್ಳಿ. ಫ್ಯೂಸೆನ್ ಪಕ್ಕದ ನೊಯ್‌ಶ್ವಾನ್‌ಸ್ಟೈನ್ ಅರಮನೆ ನೋಡಿ ಇದೇ ಮಧ್ಯಯುಗ ಎಂದುಕೊಳ್ಳುವವರು ತುಂಬಾ. ಅದು ರಾಜ ಎರಡನೇ ಲುಡ್ವಿಗ್ 1869ರಲ್ಲಿ ಕಟ್ಟಲು ಶುರು ಮಾಡಿಸಿದ್ದು, ನಮ್ಮ ಅಜ್ಜಂದಿರ ಅಜ್ಜನ ಕಾಲದ್ದು. ಬೆಟ್ಟವೇ ಮುಖ್ಯ ಎನ್ನುವವರಿಗೆ ಈ ದಾರಿ ಸಪ್ಪೆ ಎನಿಸಬಹುದು.

ಆದರೆ ಡಿಸೆಂಬರಿನಲ್ಲೇ ರಜೆ ಸಿಗುವವರಿಗೆ ನಾಲ್ಕರಲ್ಲಿ ನಾನು ಹೇಳುವುದು ಇದೊಂದನ್ನೇ. ಕ್ರಿಸ್‌ಮಸ್ ಸಂತೆಗಳ ಕಾಲ ಅದು, ಎತ್ತರದ ಘಾಟಿ ರಸ್ತೆ ಮುಚ್ಚುವ ಭಯವೂ ಇಲ್ಲ.

ಡೋಲೊಮೈಟ್ಸ್: ಬೆಟ್ಟ ಎಂದರೆ ಇದು

ನನ್ನ ಮನಸ್ಸು ಇದರ ಕಡೆಗೆ ವಾಲುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಬೊಲ್ಜಾನೊದಿಂದ ಕೊರ್ಟಿನಾಗೆ ಹೋಗುವ ಗ್ರೇಟ್ ಡೋಲೊಮೈಟ್ಸ್ ರೋಡ್ 1909ರಲ್ಲಿ ಪೂರ್ತಿಯಾದದ್ದು. ಉದ್ದ ಸುಮಾರು 110 ಕಿಲೋಮೀಟರ್. ಮಧ್ಯದ ಪೊರ್ದೊಯ್ ಘಾಟಿ 2239 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1930 ಮೀಟರ್. ಅಂದರೆ ಅದಕ್ಕಿಂತ ಮುನ್ನೂರು ಮೀಟರ್ ಮೇಲೆ ಕಾರು ನಿಲ್ಲಿಸಿ ಕಾಫಿ ಕುಡಿಯುತ್ತೀರಿ. ಎದುರಿಗೆ ನೆಟ್ಟಗೆ ನಿಂತ ಬೋಳು ಬಂಡೆ. ಸಂಜೆಯಾಗುತ್ತಿದ್ದಂತೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಯವರು ಅದನ್ನು ಎನ್ರೊಸಾದೀರಾ ಅನ್ನುತ್ತಾರೆ.

ಹಳೇ ಊರು ಬೇಕೆಂದರೆ ಪಶ್ಚಿಮದ ಕಣಿವೆಗೆ ಬರಬೇಕು: ಬ್ರಿಕ್ಸೆನ್, ಕ್ಲಾಉಸೆನ್, ಇನ್ನೂ ಪಶ್ಚಿಮಕ್ಕೆ ಕೋಟೆಯೊಳಗಿನ ಪುಟ್ಟ ಗ್ಲುರ್ನ್ಸ್. ಮೊದಲ ಮಹಾಯುದ್ಧದವರೆಗೆ ಇದು ಆಸ್ಟ್ರಿಯಾ, ಆಮೇಲೆ ಇಟಲಿ. ಆದ್ದರಿಂದ ಬೋರ್ಡುಗಳಲ್ಲಿ ಒಂದೇ ಊರಿಗೆ ಜರ್ಮನ್ ಹೆಸರು ಒಂದು, ಇಟಾಲಿಯನ್ ಹೆಸರು ಒಂದು. ಕೆಲವು ಕಣಿವೆಗಳಲ್ಲಿ ಲಾದಿನ್ ಭಾಷೆಯ ಮೂರನೇ ಹೆಸರೂ ಇದೆ. ಕಾಸರಗೋಡಿನ ಕಡೆಯವರಿಗೆ ಇದು ಹೊಸದಲ್ಲ, ಉಳಿದವರು ಹೋಟೆಲಿನ ಎರಡೂ ಹೆಸರು ಬರೆದಿಟ್ಟುಕೊಳ್ಳಿ. ಬ್ರಿಕ್ಸೆನ್ ಮತ್ತು ಬ್ರೆಸಾನೊನೆ ಒಂದೇ ಊರು.

ಬ್ರಿಕ್ಸೆನ್‌ನ ಹಳೇ ಪೇಟೆ ಸಮತಟ್ಟು. ಕಮಾನಿನ ಪಡಸಾಲೆಗಳ ಕೆಳಗೆ ಮಳೆ ಬಂದರೂ ನಡೆಯಬಹುದು. ಅಲ್ಲಿನ ದೊಡ್ಡ ಚರ್ಚಿನ ಪಕ್ಕದ ಮಂಟಪದಲ್ಲಿ 15ನೇ ಶತಮಾನದ ಗೋಡೆಚಿತ್ರಗಳಿವೆ. ಅದರಲ್ಲೊಂದು ಆನೆ. ಕುದುರೆಯ ಮೈಗೆ ಸೊಂಡಿಲು ಅಂಟಿಸಿದ ಹಾಗಿದೆ. ಬರೆದವನು ಆನೆಯನ್ನು ಕಂಡೇ ಇರಲಿಲ್ಲ, ಕೇಳಿ ಬರೆದ. ಆಮೇಲೆ 1551ರ ಚಳಿಗಾಲದಲ್ಲಿ ನಿಜವಾದ ಆನೆಯೇ ಈ ಊರಿಗೆ ಬಂತು. ಪೋರ್ಚುಗಲ್‌ನ ರಾಜ ಕೊಟ್ಟ ಉಡುಗೊರೆ, ವಿಯೆನ್ನಾಗೆ ನಡೆದು ಹೋಗುತ್ತಿತ್ತು. ಎರಡು ವಾರ ಇಲ್ಲಿ ತಂಗಿತ್ತು. ತಂಗಿದ್ದ ಛತ್ರಕ್ಕೆ ಆನೆಯ ಹೆಸರೇ ಬಂತು, ಇವತ್ತಿಗೂ ಅದು ಹೋಟೆಲು. ದಸರಾ ಆನೆಗಳ ಹಿಂದೆ ಓಡಿ ಬೆಳೆದ ನನ್ನಮ್ಮ ಆ ಚಿತ್ರದ ಮುಂದೆ ಎಷ್ಟೋ ಹೊತ್ತು ನಿಂತಿದ್ದರು. "ಕಿವಿ ಹೀಗಿರಲ್ಲ ಕಣೋ" ಅಂದರು, ಬರೆದವನ ಮೇಲೆ ಕನಿಕರಪಟ್ಟು.

ಈಗ ಕಷ್ಟದ ಮಾತು. ತಿರುವು ಜಾಸ್ತಿ. ಪೊರ್ದೊಯ್‌ನ ಒಂದು ಬದಿಗೇ ಹೇರ್‌ಪಿನ್ ತಿರುವುಗಳು ಇಪ್ಪತ್ತೈದು ದಾಟುತ್ತವೆ. ಆಗುಂಬೆಯಲ್ಲಿ ಹದಿನಾಲ್ಕು. ಕಾರಿನಲ್ಲಿ ವಾಂತಿ ಬರುವವರಿದ್ದರೆ ಬ್ರಿಕ್ಸೆನ್‌ನಲ್ಲೇ ಐದು ರಾತ್ರಿ ಇದ್ದು, ದಿನಕ್ಕೆ ಒಂದೇ ಕಣಿವೆ ನೋಡಿ ವಾಪಸ್ ಬನ್ನಿ. ನಾವು ಹಾಗೇ ಮಾಡಿದ್ದು. ಜುಲೈ, ಆಗಸ್ಟ್‌ನಲ್ಲಿ ಜನವೂ ದರವೂ ಏರಿರುತ್ತವೆ. ಟ್ರೆ ಚೀಮೆ ಎಂಬ ಮೂರು ಶಿಖರಗಳ ಕಡೆಯ ಟೋಲ್ ರಸ್ತೆಗೆ, ಬ್ರಾಯೆಸ್ ಸರೋವರಕ್ಕೆ ಆ ಕಾಲದಲ್ಲಿ ಮೊದಲೇ ಬುಕ್ ಮಾಡಿರಬೇಕು. ಸೈಸರ್ ಆಲ್ಮ್ ಹುಲ್ಲುಗಾವಲಿನ ರಸ್ತೆ ಬೆಳಗ್ಗೆ 9ರಿಂದ ಸಂಜೆ 5ರವರೆಗೆ ಹೊರಗಿನ ಕಾರುಗಳಿಗೆ ಬಂದ್, ಕೇಬಲ್ ಕಾರಿನಲ್ಲಿ ಹೋಗಬೇಕು. ಅದೇ ಸುಖ ಅನ್ನಿ.

ಜೂನ್ ಕೊನೆ ಅಥವಾ ಸೆಪ್ಟೆಂಬರ್ ಒಳ್ಳೆಯದು. ದುಡ್ಡು ಉಳಿಸಲು ಅಡುಗೆಮನೆ ಇರುವ ರೈತರ ಮನೆಗಳಿವೆ, ನಮ್ಮ ಕೊಡಗಿನ ಹೋಂಸ್ಟೇ ಥರ. ಊಟಕ್ಕೆ ಪಿಜ್ಜಾ ಎಲ್ಲ ಕಡೆ ಸಿಗುತ್ತದೆ. ಪಾಲಕ್ ತುಂಬಿದ ಶ್ಲುಟ್ಸ್‌ಕ್ರಾಪ್ಫೆನ್ ಎಂಬ ಕಡುಬು ಕೇಳಿ, ಸಸ್ಯಾಹಾರಿಗಳಿಗೆ ಚೆನ್ನಾಗಿರುತ್ತದೆ. ಉಂಡೆಯಂಥ ಕ್ನೋಡೆಲ್‌ನಲ್ಲಿ ಮಾತ್ರ ಎಷ್ಟೋ ಸಲ ಹಂದಿಮಾಂಸದ ಚೂರು ಇರುತ್ತದೆ, ಕೇಳಿಯೇ ತಿನ್ನಿ.

ಸ್ಲೊವೇನಿಯಾ: ಚಿಕ್ಕದು, ಅದೇ ಅದರ ಬಲ

ಇಂಥ ಒಂಬತ್ತು ದೇಶ ನಮ್ಮ ಕರ್ನಾಟಕದೊಳಗೆ ಹಿಡಿಸುತ್ತವೆ. ಹೋಟೆಲು ಬದಲಿಸುವುದೇ ಬೇಜಾರು ಎನ್ನುವವರಿಗೆ, ಏಳೆಂಟು ದಿನ ಮಾತ್ರ ಇರುವವರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಸರೋವರದ ಊರು ಬ್ಲೆಡ್ ಅಥವಾ ಪಕ್ಕದ ರಾದೊವ್ಲಿತ್ಸಾದಲ್ಲಿ ಒಂದೇ ಕಡೆ ಉಳಿದು ಎಲ್ಲವನ್ನೂ ನೋಡಬಹುದು. ನನ್ನನ್ನು ಕೇಳಿದರೆ ರಾದೊವ್ಲಿತ್ಸಾ. ಬ್ಲೆಡ್‌ನಿಂದ ಏಳೆಂಟು ಕಿಲೋಮೀಟರ್, ಬ್ಲೆಡ್‌ನ ಗದ್ದಲವಿಲ್ಲ. ಅಲ್ಲಿ ಜೇನುಸಾಕಣೆಯ ಮ್ಯೂಸಿಯಂ ಇದೆ. ಹಿಂದಿನವರು ಜೇನುಪೆಟ್ಟಿಗೆಯ ಮುಂದಿನ ಹಲಗೆಗೆ ಚಿತ್ರ ಬರೆಯುತ್ತಿದ್ದರು, ಸಂತರ ಕಥೆಯಿಂದ ಹಿಡಿದು ಗಂಡಹೆಂಡತಿ ಜಗಳದವರೆಗೆ. ಮಕ್ಕಳಿಗೂ ಹಿಡಿಸುತ್ತದೆ.

ಮಧ್ಯಯುಗದ ಊರು ಅಂದರೆ ಶ್ಕೊಫ್ಯಾ ಲೋಕಾ, ರಾಜಧಾನಿ ಲ್ಯುಬ್ಲ್ಯಾನಾದಿಂದ ಅರ್ಧ ಗಂಟೆ. ಬೆಟ್ಟ ಅಂದರೆ ವ್ರ್ಶಿಚ್ ಘಾಟಿ, 1611 ಮೀಟರ್. ಐವತ್ತು ಹೇರ್‌ಪಿನ್ ತಿರುವು, ಪ್ರತಿಯೊಂದಕ್ಕೂ ನಂಬರು, ಎತ್ತರದ ಬೋರ್ಡು. ಉತ್ತರದ ಬದಿಯ ತಿರುವುಗಳಲ್ಲಿ ಇನ್ನೂ ಕಲ್ಲುಹಾಸಿದೆ, ಮಳೆಯಲ್ಲಿ ಜಾರುತ್ತದೆ, ಎರಡನೇ ಗೇರಿನಲ್ಲೇ ಇರಿ. ಈ ರಸ್ತೆ ಮಾಡಿದ್ದು ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ರಷ್ಯನ್ ಸೈನಿಕರು. 1916ರ ಮಾರ್ಚಿನಲ್ಲಿ ಹಿಮ ಕುಸಿದು ಅವರಲ್ಲಿ ತುಂಬಾ ಜನ ಸತ್ತರು. ಅವರ ನೆನಪಿಗೆ ಕಟ್ಟಿದ ಮರದ ಪುಟ್ಟ ಚರ್ಚು ದಾರಿಯಲ್ಲೇ ಸಿಗುತ್ತದೆ. ದಯವಿಟ್ಟು ನಿಲ್ಲಿಸಿ, ಐದು ನಿಮಿಷ ಇದ್ದು ಹೋಗಿ. ಆಚೆ ಇಳಿದರೆ ಸೋಚಾ ನದಿ. ಆ ಹಸಿರು ಬಣ್ಣ ಫೋಟೊದಲ್ಲಿ ಬಣ್ಣ ಹಾಕಿದ್ದು ಎಂದುಕೊಂಡಿದ್ದೆ, ಅಲ್ಲ.

ಹೆದ್ದಾರಿಗೆ ಟೋಲ್ ಬದಲು ಇ-ವಿನ್ಯೆಟ್ ಇದೆ, ಅಂದರೆ ಇಷ್ಟು ದಿನಕ್ಕೆ ಎಂದು ಕೊಳ್ಳುವ ರಸ್ತೆ ಪಾಸ್, ವಾರಕ್ಕೆ ಸುಮಾರು 16 ಯೂರೊ. ವೆನಿಸ್ ಅಥವಾ ಮ್ಯೂನಿಕ್‌ನಿಂದ ಕಾರು ತಂದರೆ ಗಡಿಗೆ ಮೊದಲೇ ಆನ್‌ಲೈನಿನಲ್ಲಿ ಕೊಳ್ಳಬೇಕು. ಡೋಲೊಮೈಟ್ಸ್‌ಗಿಂತ ಖರ್ಚು ಕಡಿಮೆ. ಆದರೆ ರೋಟೆನ್‌ಬುರ್ಗ್ ಥರದ ಊರುಗಳ ಸಾಲು ಇಲ್ಲಿಲ್ಲ. ಎರಡು ವಾರ ಇರುವವರಿಗೆ ಇದೊಂದೇ ಸಾಲದು.

ಟ್ರಾನ್ಸಿಲ್ವೇನಿಯಾ: ಕಡಿಮೆ ದುಡ್ಡು, ಹೆಚ್ಚು ತಾಳ್ಮೆ

ರೊಮೇನಿಯಾ ಎಂದ ಕೂಡಲೇ ಡ್ರಾಕುಲಾ ಅನ್ನುತ್ತಾರೆ. ಆ ಕಥೆಗೂ, ಡ್ರಾಕುಲಾನ ಮನೆ ಎಂದು ತೋರಿಸುವ ಬ್ರಾನ್ ಕೋಟೆಗೂ ನಂಟು ತೀರಾ ತೆಳು, ಅದಕ್ಕಾಗಿ ಹೋಗಬೇಡಿ. ಹೋಗಬೇಕಾದದ್ದು ಸ್ಯಾಕ್ಸನ್ನರ ಊರುಗಳಿಗೆ. 12ನೇ ಶತಮಾನದಲ್ಲಿ ಹಂಗೇರಿಯ ರಾಜರು ಜರ್ಮನ್ ಮಾತಾಡುವ ಜನರನ್ನು ಕರೆಸಿ ಇಲ್ಲಿ ನೆಲೆ ಕೊಟ್ಟರು. ದಾಳಿಗಳ ಕಾಲ. ಅವರು ಚರ್ಚನ್ನೇ ಕೋಟೆ ಮಾಡಿಕೊಂಡರು. ಬ್ರಾಶೊವ್ ಹತ್ತಿರದ ಪ್ರೆಜ್ಮೆರ್‌ಗೆ ಹೋಗಿ ನೋಡಿ. ಚರ್ಚಿನ ಸುತ್ತ ದಪ್ಪ ಗೋಡೆ, ಗೋಡೆಯ ಒಳಮೈಗೆ ಮಹಡಿಯ ಮೇಲೆ ಮಹಡಿಯಾಗಿ ನೂರಾರು ಪುಟ್ಟ ಕೋಣೆ. ಶತ್ರು ಬಂದಾಗ ಇಡೀ ಹಳ್ಳಿ ಕಾಳುಕಡ್ಡಿ ಸಮೇತ ಇಲ್ಲಿ ಬಂದು ಕೂರುತ್ತಿತ್ತು. 1989ರ ನಂತರ ಆ ಜನರಲ್ಲಿ ಹೆಚ್ಚಿನವರು ಜರ್ಮನಿಗೆ ಹೋದರು. ಕೆಲವು ಹಳ್ಳಿಗಳಲ್ಲಿ ಚರ್ಚಿನ ಬೀಗದ ಕೈ ಪಕ್ಕದ ಮನೆಯಲ್ಲಿ ಕೇಳಿ ತರಬೇಕು.

ಸಿಬಿಯು, ಸಿಗಿಶೋರಾ, ಬ್ರಾಶೊವ್ ಮೂರನ್ನು ಹಿಡಿದರೆ ಸಾಕು. ಒಂದರಿಂದ ಒಂದಕ್ಕೆ ಎರಡು ಗಂಟೆ ಆಚೀಚೆ. ಸಿಬಿಯುವಿನ ಮನೆಗಳ ಹೆಂಚಿನ ಮಾಡಿನಲ್ಲಿ ಅಟ್ಟಕ್ಕೆ ಗಾಳಿ ಬರಲೆಂದು ಮಾಡಿದ ಉದ್ದ ಕಿಂಡಿಗಳಿವೆ, ಅರೆತೆರೆದ ಕಣ್ಣಿನ ಹಾಗೆ. ಚೌಕದಲ್ಲಿ ಕೂತರೆ ಇಡೀ ಊರು ನಿದ್ದೆಗಣ್ಣಿನಲ್ಲಿ ನಿಮ್ಮನ್ನೇ ನೋಡುತ್ತಿರುತ್ತದೆ. ಸಿಗಿಶೋರಾದ ಕೋಟೆಯೊಳಗೆ ಇವತ್ತಿಗೂ ಜನ ವಾಸವಿದ್ದಾರೆ. ಆದರೆ ಅದು ಗುಡ್ಡದ ಮೇಲಿದೆ, ಮಂಡಿನೋವಿನವರಿಗೆ ಕಷ್ಟ.

ಬೆಟ್ಟಕ್ಕೆ ಟ್ರಾನ್ಸ್‌ಫಗರಷಾನ್ ರಸ್ತೆ. ಆಗಿನ ಸರ್ವಾಧಿಕಾರಿ ಚೌಷೆಸ್ಕು 1970ರ ದಶಕದ ಮೊದಲಲ್ಲಿ ಸೈನಿಕರಿಂದ ಮಾಡಿಸಿದ್ದು. 2034 ಮೀಟರ್ ಎತ್ತರದ ಬಿಲಿಯಾ ಸರೋವರದವರೆಗೆ ಹಾವಿನಂತೆ ಏರುತ್ತದೆ. ಮೇಲಿನ ಭಾಗ ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುತ್ತದೆ. ಮೇ ರಜೆಯಲ್ಲಿ ಹೋಗುವವರು ಇದನ್ನು ನಂಬಿಕೊಳ್ಳಬೇಡಿ. ದಕ್ಷಿಣದ ಕಾಡಿನಲ್ಲಿ ಕರಡಿಗಳು ರಸ್ತೆಬದಿಗೇ ಬಂದು ಕೂರುತ್ತವೆ. ಗಾಜು ಇಳಿಸಬೇಡಿ, ತಿಂಡಿ ಎಸೆಯಬೇಡಿ, ಫೋಟೊಗಾಗಿ ಕೆಳಗಿಳಿಯಲೇಬೇಡಿ. ಇಲ್ಲಿ ಜೀವ ಹೋಗಿದೆ.

ರೂಮು, ಊಟ ನಾಲ್ಕರಲ್ಲೇ ಅಗ್ಗ, ಅಲ್ಲಿನ ಹಣದ ಹೆಸರು "ಲೇ", ಯೂರೊ ಅಲ್ಲ. ಮಮಲಿಗ ಅಂದರೆ ಮೆಕ್ಕೆಜೋಳದ ಮುದ್ದೆ, ಚೀಸ್ ಮತ್ತು ಹುಳಿಕೆನೆ ಹಾಕಿ ಕೊಡುತ್ತಾರೆ. ಮುದ್ದೆ ತಿಂದು ಬೆಳೆದವರಿಗೆ ಮನೆಯ ನೆನಪಾಗುತ್ತದೆ. ಇನ್ನೊಂದು ಮಾತು ಕಲಿತುಕೊಳ್ಳಿ: "ದೆ ಪೋಸ್ತ್". ಉಪವಾಸದ ಅಡುಗೆ ಎಂದರ್ಥ, ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಮೀನು ಇದೆಯಾ ಎಂದು ಮಾತ್ರ ಕೇಳಿ.

ರಸ್ತೆ ದಣಿಸುತ್ತದೆ. ಎರಡೇ ಲೇನಿನ ಹೆದ್ದಾರಿಯಲ್ಲಿ ಲಾರಿಗಳ ಸಾಲು, ಎದುರಿಂದ ಓವರ್‌ಟೇಕ್ ಮಾಡಿಕೊಂಡು ಬರುವವರು, ಹಳ್ಳಿಗಳಲ್ಲಿ ಕುದುರೆಗಾಡಿ. ನಮ್ಮ ರಸ್ತೆಗಳಲ್ಲಿ ಪಳಗಿದವರಿಗೆ ಹೆದರಿಕೆ ಆಗುವುದಿಲ್ಲ, ಆದರೆ ವಿಶ್ರಾಂತಿಯೂ ಆಗುವುದಿಲ್ಲ. ಬುಖಾರೆಸ್ಟ್‌ನಿಂದ ಬ್ರಾಶೊವ್ ಕಡೆಗೆ ಶುಕ್ರವಾರ ಸಂಜೆ ಹೊರಡಲೇಬೇಡಿ.

ಸ್ವಿಟ್ಜರ್ಲೆಂಡ್, ಅಲ್ಸಾಸ್ ಯಾಕೆ ಇಲ್ಲ?

ಸ್ವಿಟ್ಜರ್ಲೆಂಡಿನಲ್ಲಿ ರೈಲೇ ಚೆನ್ನ. ತ್ಸೆರ್ಮಾಟ್, ವೆಂಗೆನ್‌ನಂಥ ಊರುಗಳಿಗೆ ಕಾರು ಬಿಡುವುದೇ ಇಲ್ಲ. ಹೆದ್ದಾರಿಯ ವಿನ್ಯೆಟ್ ವರ್ಷಕ್ಕೇ ಕೊಳ್ಳಬೇಕು, 40 ಫ್ರಾಂಕ್. ಫ್ರಾನ್ಸಿನ ಅಲ್ಸಾಸ್‌ನಲ್ಲಿ ಕೊಲ್ಮಾರ್, ಎಗಿಸೈಮ್, ರಿಕ್ವೀರ್ ಬೊಂಬೆಮನೆಗಳ ಹಾಗಿವೆ. ಪಕ್ಕದ ವೋಜ್ ಬೆಟ್ಟ 1424 ಮೀಟರ್ ದಾಟುವುದಿಲ್ಲ. ಪ್ಯಾರಿಸ್ ಜೊತೆ ಸೇರಿಸಿ ನಾಲ್ಕು ದಿನ ಹೋಗುವವರಿಗೆ ಅಡ್ಡಿಯಿಲ್ಲ.

ಎಲ್ಲಿಗೆ ಹೋದರೂ ಬೇಕಾದದ್ದು

ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ. ಶುಲ್ಕ 1000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಮೂಲ ಲೈಸೆನ್ಸ್ ಕೂಡ ಜೊತೆಗಿರಬೇಕು. 2025ರ ಜನವರಿ 1ರಿಂದ ರೊಮೇನಿಯಾವೂ ಒಂದೇ ವೀಸಾದಲ್ಲಿ ಓಡಾಡಬಹುದಾದ ಷೆಂಗೆನ್ ದೇಶಗಳ ಗುಂಪಿಗೆ ಪೂರ್ತಿ ಸೇರಿದೆ, ಹಾಗಾಗಿ ನಾಲ್ಕಕ್ಕೂ ಒಂದೇ ಥರದ ವೀಸಾ. ದೊಡ್ಡವರಿಗೆ 90 ಯೂರೊ. ಹೆಚ್ಚು ರಾತ್ರಿ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಕನಿಷ್ಠ 30,000 ಯೂರೊ ರಕ್ಷಣೆಯ ಪ್ರವಾಸಿ ವಿಮೆ ಬೇಕು. ತುಪ್ಪದ ಡಬ್ಬಿ, ಪೇಡ ತಗೊಂಡು ಹೋಗಬೇಡಿ, ಹೊರಗಿನಿಂದ ಹಾಲಿನ ಪದಾರ್ಥ ತರಲು ಅಲ್ಲಿ ಬಿಡುವುದಿಲ್ಲ. ಅವಲಕ್ಕಿ, ಚಟ್ನಿಪುಡಿ ಸಾಕು.

ಕಾರಿನ ಡೆಪಾಸಿಟ್‌ಗೆ ಗಾಡಿ ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು. ನಾನು ನನ್ನ ಹೆಂಡತಿಯ ಕಾರ್ಡ್ ಕೊಟ್ಟೆ, ಕೌಂಟರಿನಲ್ಲಿ ಒಪ್ಪಲಿಲ್ಲ. ಅಪ್ಪ, ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿ ಎರಡು ಗಂಟೆ ಪರದಾಡಿದೆ. ಇಟಲಿಯ ಹಳೇ ಪೇಟೆಗಳಿಗೆ ಹೊರಗಿನ ಕಾರು ಹೋಗುವಂತಿಲ್ಲ. ಬಿಳಿ ಬೋರ್ಡಿನ ಮೇಲೆ ಕೆಂಪು ಉಂಗುರ, ಝೆಡ್‌ಟಿಎಲ್ ಎಂದು ಬರೆದಿರುತ್ತದೆ. ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ. ದಂಡದ ಕಾಗದ ತಿಂಗಳುಗಳ ಮೇಲೆ ಮನೆಗೆ ಬರುತ್ತದೆ, ಬಾಡಿಗೆ ಕಂಪನಿಯ ಶುಲ್ಕ ಬೇರೆ. ಗೋಡೆಯ ಹೊರಗೆ ಪಾರ್ಕ್ ಮಾಡಿ ನಡೆಯಿರಿ. ಆಟೊಮ್ಯಾಟಿಕ್ ಗೇರ್ ಬೇಕಿದ್ದರೆ ಮೂರು ತಿಂಗಳು ಮೊದಲೇ ಹೇಳಿಡಿ.

ಹಾಗಾದರೆ ನಿಮ್ಮದು?

ಮೊದಲ ಸಲ ಬಲಗಡೆ ಓಡಿಸುತ್ತಿದ್ದೀರಿ, ಜೊತೆಗೆ ಹಿರಿಯರಿದ್ದಾರೆ ಎಂದರೆ ರೊಮ್ಯಾಂಟಿಕ್ ರೋಡ್, ಕೊನೆಯ ನಾಲ್ಕು ದಿನ ಫ್ಯೂಸೆನ್‌ನಲ್ಲಿ. ಇಬ್ಬರೇ, ಡ್ರೈವಿಂಗ್ ಎಂದರೆ ಇಷ್ಟ, ದುಡ್ಡಿಗೆ ಚಿಂತೆಯಿಲ್ಲ ಎಂದರೆ ಸೆಪ್ಟೆಂಬರ್‌ನ ಡೋಲೊಮೈಟ್ಸ್. ಚಿಕ್ಕ ಮಕ್ಕಳು, ಒಂದು ವಾರ ಎಂದರೆ ಸ್ಲೊವೇನಿಯಾ. ಇತಿಹಾಸದ ಹುಚ್ಚು, ಕೈಯಲ್ಲಿ ಕಡಿಮೆ ಬಜೆಟ್, ಓಡಿಸಲು ಇಬ್ಬರು ಎಂದರೆ ಟ್ರಾನ್ಸಿಲ್ವೇನಿಯಾ.

ಹನ್ನೆರಡು ದಿನ, ಅಪ್ಪ ಅಮ್ಮ ಜೊತೆಗೆ ಎಂದು ಕೇಳಿದವರಿಗೆ ನಾನು ಹೇಳಿದ್ದು ಎರಡರ ಮಿಶ್ರಣ. ಬೆಂಗಳೂರಿನಿಂದ ಮ್ಯೂನಿಕ್‌ಗೆ ನೇರ ವಿಮಾನ ಇದೆ. ಇಳಿದ ದಿನ ದೂರ ಓಡಿಸಬೇಡಿ. ವಿಮಾನ ನಿಲ್ದಾಣದ ಪಕ್ಕದಲ್ಲೇ ಫ್ರೈಸಿಂಗ್ ಎಂಬ ಹಳೇ ಊರಿದೆ, ಅಲ್ಲೇ ಮಲಗಿ. ಆಮೇಲೆ ಡಿಂಕೆಲ್ಸ್‌ಬ್ಯೂಲ್‌ನಲ್ಲಿ ಮೂರು ರಾತ್ರಿ, ಫ್ಯೂಸೆನ್‌ನಲ್ಲಿ ಎರಡು, ಆಸ್ಟ್ರಿಯಾ-ಇಟಲಿ ಗಡಿಯ ಬ್ರೆನರ್ ಘಾಟಿ ದಾಟಿ ಬ್ರಿಕ್ಸೆನ್‌ನಲ್ಲಿ ನಾಲ್ಕು, ವಾಪಸ್ ಮ್ಯೂನಿಕ್ ಒಂದು. ಆಸ್ಟ್ರಿಯಾದ ವಿನ್ಯೆಟ್, ಬ್ರೆನರ್‌ನ ಬೇರೆ ಟೋಲ್ ಎರಡೂ ಕಟ್ಟಬೇಕು. ಶನಿವಾರ ಬ್ರೆನರ್ ದಾಟಬೇಡಿ, ಬೇಸಿಗೆಯಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ರಾತ್ರಿಗಳ ಲೆಕ್ಕದಲ್ಲಿ ಜರ್ಮನಿಯೇ ಹೆಚ್ಚು, ಹಾಗಾಗಿ ವೀಸಾ ಅರ್ಜಿ ಅಲ್ಲಿಗೇ. ವೀಸಾ ಕೈಗೆ ಬರುವವರೆಗೆ ಹೋಟೆಲು, ಕಾರು ಎರಡನ್ನೂ ದುಡ್ಡು ಕಳೆಯದೆ ರದ್ದು ಮಾಡಬಹುದಾದ ದರದಲ್ಲೇ ಬುಕ್ ಮಾಡಿ.